ತೂತಿಗೊಂದು ಕೊಳವೆ

ಜೆರಾಲ್ಡ್ ಸಾವಿರದ ಇನ್ನೂರು ಕೊಟ್ಟು ತರಿಸಿದ್ದಾನೆ
ಬೇಸ್ ಡ್ರಮ್ಮಿನ ತೂತಿಗೆ ಸಿಕ್ಕಿಸುವ ಕರಿ ಕೊಳವೆ.
ಒಳಗೆ ಸಣ್ಣ, ಹೊರಗೆ ಅಗಲ,
ಸೀಮೆಎಣ್ಣೆ ಲಾಳಿಕೆಯ ಹಾಗೆ.
ಇದನ್ನು ಹಾಕಿದರೆ ತಗ್ಗಿನ ದನಿ
ಎದೆಗೇ ಬಂದು ಗುದ್ದುತ್ತದಂತೆ.

ರಾಬರ್ಟ್‌ಸನ್‌ಪೇಟೆ, ಶನಿವಾರ ಸಂಜೆ, ಖಾಲಿ ಚರ್ಚು.
ಹಾಕಿ ಬಾರಿಸಿದ. ತೆಗೆದು ಬಾರಿಸಿದ.
ಹೇಳಕ್ಕಾ, ಯಾವುದು?
ಮೈಕಿನ ವೈರು ಸುತ್ತುತ್ತಿದ್ದ ನಾನು
ಮೊದಲನೆಯದು ಅಂದೆ, ಆಮೇಲೆ ಎರಡನೆಯದು ಅಂದೆ.
ದುಡ್ಡು ಕೊಟ್ಟವನ ಮುಖ ಎದುರಿಗಿದ್ದರೆ
ಕಿವಿ ಎಷ್ಟು ಹೊತ್ತು ನಿಜ ಹೇಳೀತು?

ಕೊನೆಯ ಬೆಂಚಿನಲ್ಲಿ ಅರುಳಪ್ಪ ತಾತ.
ಚಾಂಪಿಯನ್ ರೀಫಿನ ಆಳದಲ್ಲಿ ಡ್ರಿಲ್ಲು ಹಿಡಿದು
ನಲವತ್ತಕ್ಕೇ ಎರಡೂ ಕಿವಿ ಕಳಕೊಂಡವರು.
ಹಾಡೆಲ್ಲ ಅವರಿಗೆ ಬೆಂಚಿನ ಹಲಗೆಯಲ್ಲಿ.
ಅಂಗೈ ಊರಿ ಕೂತಿದ್ದರು.

ಐದು ಸಲ ಬಾರಿಸಿದ,
ಹಾಕಿ, ತೆಗೆದು, ತನಗೇ ಲೆಕ್ಕ ತಪ್ಪುವಷ್ಟು,
ಆಮೇಲೆ ಕೈಸನ್ನೆಯಲ್ಲಿ ಕೇಳಿದ.
ತಾತ ನಾಲ್ಕು ಬೆರಳೆತ್ತಿದರು.

ನಾಲ್ಕನೆಯದಕ್ಕೆ
ಕೊಳವೆ ನನ್ನ ಮಡಿಲಲ್ಲಿತ್ತು.
ಸೊಳ್ಳೆ ಕಚ್ಚಿದ ಸಿಟ್ಟಿಗೆ
ಪೆಡಲನ್ನು ಒದ್ದಿದ್ದ, ಅಷ್ಟೆ.

ಕೆಳಗೂ ಹೀಗೇ, ಎಂದರು ತಾತ ತಮಿಳಿನಲ್ಲಿ, ಯಾರನ್ನೂ ನೋಡದೆ,
ಬಂಡೆ ಬಿರಿಯುವುದು ಮೊದಲು
ಅಂಗಾಲಿಗೆ ತಿಳಿಯುತ್ತಿತ್ತು.

ಜೆರಾಲ್ಡ್ ಒಪ್ಪಲಿಲ್ಲ.
ಕಿವುಡರ ಸಾಕ್ಷಿ ಯಾವ ಕೋರ್ಟಿಗೆ, ಎಂದು ಗೊಣಗಿ
ಮತ್ತೆ ಸಿಕ್ಕಿಸಿದ, ಬಟ್ಟೆಯಲ್ಲಿ ಒರೆಸಿದ.
ಭಾನುವಾರ ಎಲ್ಲರೂ ಹೊಗಳಿದರು, ಕಣ್ಣಲ್ಲಿ ಕೇಳಿ.

ಸುಳ್ಳೇಕೆ, ನನಗೊಂದು ಲಾಭವಾಗಿದೆ:
ಮೈಕು ಒಳಗಿಡುವಾಗ ತೂತಿನ ಅಂಚು
ಈಗ ಮಣಿಕಟ್ಟು ಗೀರುವುದಿಲ್ಲ.