ಖಾಲಿ ಜಾಗಕ್ಕೆ ಪಾಸು

ಪೊನ್ನಂಪೇಟೆಯ ಕಾಲೇಜು, ಎರಡನೇ ಪಿರಿಯಡ್ಡು.
ಕರಿಹಲಗೆಯ ಮೇಲೆ ಎರಡು ನರಕೋಶ ಬರೆದೆ,
ನಡುವೆ ಒಂದು ಬೆರಳಗಲ ಸಂದು ಬಿಟ್ಟೆ.
ನಿಜದ ಸಂದು ಇಷ್ಟಿಲ್ಲ: ಒಂದು ಕೂದಲನ್ನು
ನಾಲ್ಕು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು.

"ಈ ಸಂದಿಗೆ ಮುಖಮಾಡಿದ ಮೊಗ್ಗುಗಳು
ಮೂಡುತ್ತವೆ, ಉಬ್ಬುತ್ತವೆ, ಬತ್ತುತ್ತವೆ.
ಕಳೆದ ಪುತ್ತರಿಗೆ ನಿಮ್ಮ ತಲೆಯೊಳಗಿದ್ದ ಎಷ್ಟೋ
ಈಗಿಲ್ಲ," ಎಂದೆ, ಪುಟ ತಿರುವಿದೆ.

ಹಿಂದಿನ ಬೆಂಚಿನಿಂದ ಚೋಮಿ ಕೈ ಎತ್ತಿದಳು.
ಎರಡು ವರ್ಷದಲ್ಲಿ ಅವಳ ಮೊದಲ ಪ್ರಶ್ನೆ:
"ಹಾಗಾದರೆ ಮೇಡಂ, ನನ್ನ ಅಜ್ಜಿ ಎಲ್ಲಿದ್ದಾಳೆ?"

ಅಜ್ಜಿ ಹೋದದ್ದು ಕಕ್ಕಡದಲ್ಲಿ.
ಏಡಿಗೆ ಕಲ್ಲಿನಡಿ ಕೈ ಹಾಕುವ ಮುಂಚೆ
ತೋಡಿನ ನೀರಿಗೆ ಏನೋ ಹೇಳುತ್ತಿದ್ದಳಂತೆ.
ಮಾತು ಉಳಿದಿದೆ, ಮುಖ ಮಾಸುತ್ತಿದೆ ಎಂದಳು.
ಗಂಟೆ ಹೊಡೆಯಿತು. ನಾನು ಬಚಾವಾದೆ.
ಪ್ರಶ್ನೆ ಮಾತ್ರ ಸ್ಕೂಟರಿನ ಹಿಂದೆ ಕೂತು
ಗೋಣಿಕೊಪ್ಪದ ತನಕ ಬಂತು.

ಅಲ್ಲಿ ಮೈದಾನದಲ್ಲಿ ಏಪ್ರಿಲ್ ಬಿಸಿಲು, ಒಕ್ಕಗಳ ಹಾಕಿ.
ನನ್ನ ತವರಿನವರ ಆಟ ಮೂರೂವರೆಗೆ.
ಕೈಯಲ್ಲಿ ಉಪ್ಪುಖಾರ ಸವರಿದ ಮಾವಿನಕಾಯಿ,
ಪಕ್ಕದಲ್ಲಿ ಪೆಮ್ಮಯ್ಯ ಬಲ್ಯಪ್ಪ, ಮಂಡಿಗೆ ಪಟ್ಟಿ ಸುತ್ತಿಕೊಂಡು,
ಅಂಪೈರು ಯಾರೇ ಇರಲಿ ಬೈಯುತ್ತಾ.

ಹನ್ನೊಂದು ಮಂದಿಯನ್ನು ಎಣಿಸಿದೆ.
ನಾನು ಲಂಗ ಹಾಕುತ್ತಿದ್ದಾಗ ಆಡಿದವರು ಒಬ್ಬರೂ ಇಲ್ಲ.
ಗೋಲಿ ಮಾಚಯ್ಯ ಮಣ್ಣಾಗಿ ಆರು ವರ್ಷ.
ಸೆಂಟರ್ ಹಾಫ್ ಪೂಣಚ್ಚ ಹುಣಸೂರಿನಲ್ಲಿ ಮರದ ಮಿಲ್ಲು ಇಟ್ಟ.
ಬಲ್ಯಪ್ಪ ಓಡುತ್ತಿದ್ದ ಎಡ ಅಂಚಿನಲ್ಲಿ ಈಗ
ಒಂಬತ್ತನೇ ಕ್ಲಾಸಿನ ದೇಚಕ್ಕ,
ಅಣ್ಣನ ಜೆರ್ಸಿ, ಮೊಣಕಾಲು ಮುಟ್ಟುವಷ್ಟು.

ಆಗ ಅದು ನಡೆಯಿತು.
ಅಂಚು ಹಿಡಿದು ಓಡುತ್ತಿದ್ದ ಹುಡುಗಿ
ಗೋಲಿನ ಕಡೆ ನೋಡುತ್ತಲೇ ಚೆಂಡನ್ನು ಹಿಂದಕ್ಕೆ ತಳ್ಳಿದಳು,
ಕತ್ತು ತಿರುಗಿಸದೆ,
ಯಾರೂ ಇಲ್ಲದ ಜಾಗಕ್ಕೆ.
ಚೆಂಡು ತಲುಪುವಾಗ ಅಲ್ಲಿ ಯಾರೋ ಇದ್ದರು.

ಅದು ನಮ್ಮ ಒಕ್ಕದ ಪಾಸು.
ಹೆಸರಿಲ್ಲ, ಯಾರೂ ಬರೆದಿಟ್ಟಿಲ್ಲ.
"ಇವಳಿಗೆ ಯಾರು ಹೇಳಿಕೊಟ್ಟರು?" ಎಂದೆ.
ಬಲ್ಯಪ್ಪ ನನ್ನ ಮಾವಿನಕಾಯಿ ಕಸಿದುಕೊಂಡು,
"ಹೇಳಿಕೊಡೋದೇನು? ಅವಳು ಬಂದ ವರ್ಷ
ಉಳಿದ ಹತ್ತು ಮಂದಿ ಅಲ್ಲಿಗೇ ಓಡ್ತಿದ್ರು.
ಚೆಂಡು ಇನ್ನೆಲ್ಲಿಗೆ ಹೋಗ್ಬೇಕು?"

ಒಂದೇ ದಿನ ಹನ್ನೊಂದೂ ಬದಲಾಗಿದ್ದರೆ
ಪಾಸು ಅವತ್ತೇ ಸಾಯುತ್ತಿತ್ತು.
ಒಬ್ಬ ಕೋಲು ಕೆಳಗಿಟ್ಟ, ಹತ್ತು ಮಂದಿ ಹಿಡಿದರು.
ಆ ಹತ್ತರಲ್ಲಿ ಒಬ್ಬ ಇಟ್ಟ.
ಹೊಸಬರು ಎಡವಿದಷ್ಟು ಹಳಬರು ವಾಲಿದರು,
ವಾಲುತ್ತಾ ವಾಲುತ್ತಾ ತಾವೂ ಹೋದರು.

ಪೂರ್ತಿ ಅದೇ ಅಲ್ಲ, ಸುಳ್ಳು ಯಾಕೆ?
ಆಗ ಹುಲ್ಲಿನ ಮೇಲೆ ಆರಾಮಾಗಿ ಉರುಳುತ್ತಿತ್ತು,
ಈಗ ಚೂರು ಬೇಗ, ಚೂರು ಬಲಕ್ಕೆ.
ನನ್ನದೂ ಹಾಗೆ. ಇದೇ ಮೆಟ್ಟಿಲಲ್ಲಿ ಅವ್ವ
ಕೊಡೆ ಹಿಡಿದು ನಿಂತಿದ್ದಳು; ನೀಲಿ ಎನ್ನುತ್ತೇನೆ ನಾನು,
ಹಸಿರು ಎಂದು ಆಣೆ ಇಡುತ್ತಾಳೆ ತಂಗಿ.
ತೆಗೆದಾಗಲೆಲ್ಲ ಒಗೆದು ಇಟ್ಟಿರಬೇಕು, ಬಣ್ಣ ಬಿಟ್ಟಿದೆ.
ಆದರೆ ಅವ್ವ ನಿಂತಿದ್ದಳು,
ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು.
ಅದರಲ್ಲಿ ನಮಗೆ ಜಗಳವಿಲ್ಲ.

ನಾವು ಸೋತೆವು, ಎರಡು–ಒಂದು.

ಸೋಮವಾರ ಚೋಮಿಯನ್ನು ಕರೆದೆ. ಉತ್ತರ ಕೊಡಲಿಲ್ಲ.
ಹಾಕಿ ಕತೆಯನ್ನೂ ಹೇಳಲಿಲ್ಲ.
ನೀರಿಗೆ ಅಜ್ಜಿ ಏನು ಹೇಳುತ್ತಿದ್ದಳು, ಒಮ್ಮೆ ಹೇಳು ಎಂದೆ.
ನಾಚಿದಳು. ಕಿಟಕಿ ನೋಡಿದಳು.
ಆಮೇಲೆ ಅವರ ಭಾಷೆಯಲ್ಲಿ, ಮೆಲ್ಲಗೆ, ನಾಲ್ಕೈದು ಮಾತು.
ನನಗೆ ಒಂದೂ ತಿಳಿಯಲಿಲ್ಲ.
ತಿಳಿದದ್ದು ಇಷ್ಟೇ:
ಹೇಳುತ್ತಿರುವಾಗ ಅವಳ ಬಲಗೈ, ಅವಳಿಗೇ ಗೊತ್ತಿಲ್ಲದೆ,
ಮಣಿಕಟ್ಟು ಒಳಕ್ಕೆ ಮಡಿಸಿಕೊಂಡು
ಬೆಂಚಿನ ಅಡಿಗೆ ಇಳಿಯಿತು,
ಕಲ್ಲು ತಡವುವ ಹಾಗೆ.