ಗಂಡುಬೀರಿ, ಐದು ರೀಲು

ತೆರೆಯ ಕೆಳಗೆ ಎಡಮೂಲೆಯಲ್ಲಿ ನನ್ನ ಪಿಯಾನೋ.
ಕತ್ತೆತ್ತಿದರೆ ಮೊದಲು ಕಾಣುವುದು ಮೂಗಿನ ಹೊಳ್ಳೆ,
ಮುಖ ಆಮೇಲೆ.
ಶ್ರೀಮಂತರನ್ನು ನಾನು ಅರಿತದ್ದು ಹಾಗೆ.

ಪ್ಯಾಟರ್ಸನ್ ಊರು, ಶನಿವಾರ ರಾತ್ರಿ, ಐದು ಸೆಂಟಿನ ಬೆಂಚು.
ರೇಷ್ಮೆ ಗಿರಣಿಯ ಹುಡುಗಿಯರು ಖಾಲಿ ಡಬ್ಬಿ ಸಮೇತ ಬಂದಿದ್ದಾರೆ,
ಮೈಗೆ ಬಣ್ಣದ ಕೊಪ್ಪರಿಗೆಯ ವಾಸನೆ,
ಬೆರಳ ತುದಿಯಲ್ಲಿ ಎಳೆ ಕೊಯ್ದ ಗೀರು.

ಮೊದಲ ರೀಲು: ಹೆಟ್ಟಿ ಬರುತ್ತಾಳೆ
ಹೇಸರಗತ್ತೆಯ ಮೇಲೆ, ಸತ್ತ ಅಪ್ಪನ ಷರಾಯಿ ಹಗ್ಗದಲ್ಲಿ ಬಿಗಿದು,
ದೊಡ್ಡಮ್ಮನ ಬಂಗಲೆಯ ಅಮೃತಶಿಲೆಯ ಮೆಟ್ಟಿಲ ತನಕ.
ಬಾಗಿಲವನು ಟೋಪಿಗೆಂದು ಕೈ ಚಾಚಿದರೆ
ಕೈ ಕುಲುಕಿ ಒಳಗೆ ನಡೆದೇಬಿಟ್ಟಳು.
ಎರಡರಲ್ಲಿ ಮೆಟ್ಟಿಲ ಕಂಬಿಯ ಮೇಲೆ ಜಾರಿ ಸೀದಾ ಬಿಷಪ್ಪರ ಮಡಿಲಿಗೆ.
ಮೂರರಲ್ಲಿ ಕಿಟಕಿಯ ರೇಷ್ಮೆ ಪರದೆಗೆ ಮೂಗು ಸೀಟಿದಾಗ
ಹುಡುಗಿಯರು ನಕ್ಕ ನಗೆಗೆ
ನನ್ನ ಸ್ವರ ನನಗೇ ಕೇಳಿಸಲಿಲ್ಲ.
ಆ ಪರದೆ ಯಾರು ನೇಯ್ದದ್ದು,
ಎಷ್ಟು ಗಂಟೆ ನಿಂತು, ಅವರಿಗೆ ಗೊತ್ತಿತ್ತು.

ನಾಲ್ಕರಿಂದ ನನಗೆ ಬೇಸರ.
ಕೂದಲು ಬಾಚುತ್ತಾರೆ. ಬೆನ್ನಿಗೆ ಲಾಡಿ ಎಳೆಯುತ್ತಾರೆ.
ಫೋರ್ಕು ಹಿಡಿಯಲು ಕಲಿಸುವವನೊಬ್ಬ ದೂರದ ನೆಂಟ,
ಮೀಸೆಗೆ ಮೇಣ;
ಅವನಿಗೇ ಕಟ್ಟುತ್ತಾರೆಂದು ಮನೆಯ ಬೆಕ್ಕಿಗೂ ಗೊತ್ತು.
ಕಡೆಯ ಅಕ್ಷರಫಲಕ, ಸುತ್ತ ಹೂಬಳ್ಳಿ:
"ಅಂತೂ ನಮ್ಮ ಹೆಟ್ಟಿ ಹೆಣ್ಣಾದಳು."
ಮಾಲೀಕ ಕ್ರೋಗರನ ಚೀಟಿ: ಇಲ್ಲಿ ವಾಲ್ಟ್ಸ್, ಮೆಲ್ಲಗೆ.

ಮುಂದಿನ ಸಾಲಲ್ಲಿ ಫಿಲೊಮೆನಾ, ಒಂಬತ್ತು ವರ್ಷ,
ಓದು ಬಾರದ ಅಮ್ಮನಿಗೆ ಪ್ರತಿ ಫಲಕವನ್ನೂ
ಊರ ಮಾತಿಗೆ ತಿರುಗಿಸಿ ಪಿಸುಗುಡುವವಳು.
ನನ್ನ ಅಜ್ಜಿಯೂ ಆ ಸೀಮೆಯವಳೇ, ಅಷ್ಟಿಷ್ಟು ತಿಳಿಯುತ್ತದೆ.
ಅವತ್ತು ಆ ಹೂಬಳ್ಳಿಯೆದುರು ಹುಡುಗಿ ತಡೆದಳು.
ಉಗುಳು ನುಂಗಿ, ಆಮೇಲೆ ಸ್ಪಷ್ಟವಾಗಿ:
"ನನ್ನ ಹೇಸರಗತ್ತೆ ಎಲ್ಲಿ ಕಟ್ಟಿದ್ದೀರಿ ಅಂತ ಕೇಳ್ತಿದಾಳಮ್ಮ."
"ಮತ್ತೆ ಈ ಬಿಳಿ ಬಟ್ಟೆ?"
"ಚಳಿಗೆ."

ನನ್ನ ಬಲಗೈ ವಾಲ್ಟ್ಸಿನಲ್ಲೇ ಇತ್ತು.
ಎಡಗೈ, ಹೇಳದೆ ಕೇಳದೆ,
ಮೊದಲ ರೀಲಿನ ಗೊರಸಿನ ಸದ್ದಿಗೆ ಹೊರಳಿತು.
ಟಕ, ಟಕ, ಇಗರ್ಜಿಯ ನಡುಹಾದಿಯಲ್ಲಿ.
ಮುಸುಕಿನೊಳಗಿಂದ ಹೆಟ್ಟಿ ಈ ಕಡೆ ನೋಡಿದಂತಾಯಿತು.
ನೋಡಿರಲಾರಳು. ದಿನಾ ಅಲ್ಲೇ ನೋಡುತ್ತಾಳೆ,
ಕ್ಯಾಮೆರಾದವನತ್ತ.

ಕ್ರೋಗರ್ ಸಂಬಳದಲ್ಲಿ ಒಂದು ಡಾಲರು ಕಡಿದ.
ಸೋಮವಾರವೂ ಕಡಿದ.