ಪಟದ ಬೆನ್ನು

ಮುಖ ನೋಡಿ ಮಣೆ ಹಾಕುವುದು ಅವರ ಕೆಲಸ.
ನಾನು ಬೆನ್ನು ಓದುವವನು.

ಹೆಕ್ಸಮ್ಮಿನ ಹರಾಜುಕಟ್ಟೆ.
ಮಂಗಳವಾರ ಕುರಿ, ಗುರುವಾರ ಕುರ್ಚಿ, ಗಡಿಯಾರ, ಪಿಂಗಾಣಿ.
ಕೂಗುವ ಗಂಟಲು ಎರಡಕ್ಕೂ ಒಂದೇ, ಫೆನ್ವಿಕ್ಕನದು.
ಹಿಂದಿನ ಗೋದಾಮಿನಲ್ಲಿ ಹಳೆ ಕಂಬಳಿ ಹಾಸಿ
ಪಟವನ್ನು ಬೋರಲು ಮಲಗಿಸುತ್ತೇನೆ,
ಕೂಸಿನ ಬೆನ್ನಿಗೆ ಎಣ್ಣೆ ಹಚ್ಚುವವರ ಹಾಗೆ
ಅಂಗೈಯಲ್ಲೇ ಧೂಳು ಒರಸುತ್ತೇನೆ.
ಟಾರ್ಚು ಓರೆ ಹಿಡಿದರೆ
ಅಕ್ಷರ ಏಳುತ್ತದೆ, ಶಾಸನದ ಕಲ್ಲಲ್ಲಿ ಎದ್ದಂತೆ.

ಸೀಮೆಸುಣ್ಣದಲ್ಲಿ ೨೧೪. ಅದು ನಮ್ಮದೇ, ನಿನ್ನೆಯದು.
ಕೆಳಗೆ ನ್ಯೂಕ್ಯಾಸಲ್ಲಿನ ಚೌಕಟ್ಟುಗಾರನ ಚೀಟಿ:
ಅಪ್ಪನ ಹೆಸರು ಹುಳ ತಿಂದಿದೆ,
‘ಮತ್ತು ಮಕ್ಕಳು’ ಅಂತಷ್ಟೇ ಉಳಿದಿದೆ.
ಅಡ್ಡಪಟ್ಟಿಯ ಮೇಲೆ ಕಂದು ಶಾಯಿ, ಅವಸರದ ಕೈ:
‘ಕಲ್ಲಿದ್ದಲ ಬಾಕಿ ಹನ್ನೊಂದು ಪೌಂಡಿಗೆ ಬದಲಾಗಿ
ಮಿಸ್ ಡಾರ್ಕಸ್ ಥರ್ಲ್‌ವೆಲ್ಲರ ಈ ಪಟ
ಅವರ ಅಣ್ಣನಿಂದ ಸಂದಿದೆ. ಜೆ. ಡಾಡ್ಸ್.’

ಎರಡು ಚಳಿಗಾಲದ ಬೆಂಕಿಗೆ
ಒಂದು ಮುಖ ಚುಕ್ತಾ.

ಆಮೇಲೆ ಡಾಡ್ಸರ ಮನೆ, ಮೂರು ತಲೆಮಾರು.
ಕಿವಿಯ ಪಕ್ಕ ಬಟಾಣಿಯಷ್ಟು ತೂತು,
ಯಾವ ಮೊಮ್ಮಗನ ಗುರಿಯೋ. ಹಿಂದಿನಿಂದ ತೇಪೆ.
ಅಂಚಿಗೆ ಕಪ್ಪು ಕಾಗದದ ಚೂರುಗಳು:
ಯುದ್ಧದ ರಾತ್ರಿಗಳಲ್ಲಿ ದೀಪ ಹೊರಗೆ ಕಾಣದಂತೆ
ಅವಳನ್ನು ಕಿಟಕಿಗೆ ಒಡ್ಡಿ ನಿಲ್ಲಿಸಿದ್ದರು.
ಕೊನೆಗೆ ಹ್ಯಾರೊಗೇಟಿನ ವ್ಯಾಪಾರಿಯ ಮೊಹರು, ೧೯೫೮.
ಅಲ್ಲಿಂದೀಚೆಗೆ ಅವಳಿಗೆ ಹೆಸರಿಲ್ಲ.
‘ಗುಲಾಬಿ ಹಿಡಿದ ಮಹಿಳೆ.’

ಮಗುಚಿದೆ.
ಬೂದು ಉಡುಪು. ಪಕ್ಕದ ಕೋಣೆಯಲ್ಲಿ ಹಾಲು ಉಕ್ಕುತ್ತಿದೆಯೇನೋ
ಎಂಬಂತೆ ಅತ್ತ ತಿರುಗಿದ ಕಣ್ಣು. ಕೈಯಲ್ಲಿ ಕೆಂಪು ಹೂವು.
ಆದರೆ ಹೂವು ಹಿಡಿಯುವ ಬೆರಳು ಹೀಗಿರುವುದಿಲ್ಲ.
ರಂಗೋಲಿಯ ಎಳೆ ಕಡಿಯಬಾರದೆಂದು
ಅಮ್ಮನ ಬೆರಳು ಹೀಗೆ ಬಿಗಿಯುತ್ತಿತ್ತು, ಮೂರೂ ಕೂಡಿ.

ಮೊರೀನ್ ಕಡ್ಡಿಗೆ ಹತ್ತಿ ಸುತ್ತಿ
ಮೊದಲು ಉಗುಳಲ್ಲಿ ಒರಸಿದಳು (ಹೌದು, ಉಗುಳೇ;
ಕೊಳೆಗೆ ಅದಕ್ಕಿಂತ ಮದ್ದಿಲ್ಲ ಅನ್ನುತ್ತಾಳೆ),
ಆಮೇಲೆ ಮೂಗು ಮುಚ್ಚಿಸುವ ಯಾವುದೋ ದ್ರಾವಣ.
ಎಸಳು ಎಸಳಾಗಿ ಗುಲಾಬಿ ಹತ್ತಿಗೆ ಬಂತು.
ಅಡಿಯಲ್ಲಿ ಉಕ್ಕಿನ ನಿಬ್ಬು.
ನಡುಬೆರಳ ಗೆಣ್ಣಿನ ಮೇಲೆ ಶಾಯಿಯ ಕಲೆ,
ಚಿತ್ರಗಾರ ಬೇಕೆಂದೇ ಬಿಟ್ಟದ್ದು.

‘ಹೂವಿದ್ದರೆ ಒಂಬೈನೂರು ಬರುತ್ತಿತ್ತು,’ ಫೆನ್ವಿಕ್ ಹಲ್ಲು ಕಡಿದ.
‘ಬರೆಯುವ ಹೆಂಗಸು ಯಾರ ಊಟದ ಕೋಣೆಗೆ ಬೇಕು?’

ಲೈಬ್ರರಿಯಲ್ಲಿ ಹುಡುಕಿದೆ. ಎರಡು ಕಾದಂಬರಿ,
ಹಾಳೆಗಳಂಚು ಇನ್ನೂ ಕತ್ತರಿಸಿಲ್ಲ; ಯಾರೂ ಓದಿಲ್ಲ.
ಜೇನು ಸಾಕುವ ಬಗ್ಗೆ ಒಂದು ಪುಸ್ತಕ,
ಅದರ ರಟ್ಟು ಮಾತ್ರ ಸವೆದು ಮೇಣವಾಗಿದೆ.

ಗುರುವಾರ. ಫೋನಿನಲ್ಲಿ ಒಬ್ಬ ಇನ್ನೂರರಲ್ಲಿ ನಿಂತ.
ಮುಂದಿನ ಸಾಲಿನವನಿಗೆ ಬೇಕಿದ್ದದ್ದು ಚೌಕಟ್ಟು,
ಅಳತೆಪಟ್ಟಿ ಜೇಬಿನಿಂದ ಇಣುಕುತ್ತಿತ್ತು.
ಅವನಿಗೆ ಎದುರಾಗಿ ಬಾಗಿಲ ಬಳಿ ಒಂದು ಕೈ,
ಕುಟುಕಿಸಿಕೊಂಡು ಬಾತ ಕೈ:
ಅಲೆಂಡೇಲಿನ ಮಿಸೆಸ್ ಹೆಸ್ಲಪ್, ಜೇನಿನವಳು.
ಮುನ್ನೂರು. ಮುನ್ನೂರ ಇಪ್ಪತ್ತು. ಅಳತೆಪಟ್ಟಿ ಒಳಗೆ ಹೋಯಿತು.
ಮುನ್ನೂರ ನಲವತ್ತು, ಒಂದು ಸಲ,
ಎರಡು ಸಲ.
ಕುರಿಗೂ ಫೆನ್ವಿಕ್ ಇಷ್ಟೇ ಹೊತ್ತು ಕಾಯುತ್ತಾನೆ.

‘ಅಜ್ಜಿಯ ಕಾಲದಿಂದ ಇವಳು ಹೇಳಿದಂತೆಯೇ
ನಮ್ಮಲ್ಲಿ ಗೂಡಿಗೆ ಹೊಗೆ ಹಾಕುವುದು,’ ಅಂದಳು ಹಣ ಎಣಿಸುತ್ತ.
ಕಾದಂಬರಿಗಳ ಸುದ್ದಿ ಹೇಳಿದೆ.
‘ಹೌದಾ? ಪಾಪ,’ ಅಂದಳು,
ಯಾರಿಗೆ ಅಂತ ನನಗೆ ತಿಳಿಯಲಿಲ್ಲ.

ಅವಳು ಸಹಿ ಹಾಕುವಷ್ಟರಲ್ಲಿ
ಡಾಡ್ಸನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ
ಹೆಸರು, ತಾರೀಕು, ಮುನ್ನೂರ ನಲವತ್ತು ಎಂದು ಬರೆದೆ.
ಕನ್ನಡದಲ್ಲಿ. ಯಾಕೋ.
ಮುಂದೆ ಯಾರು ಟಾರ್ಚು ಹಿಡಿಯುತ್ತಾರೋ, ತಲೆ ಕೆರೆದುಕೊಳ್ಳಲಿ.

ತೆರೆದ ಟ್ರಕ್ಕಿನಲ್ಲಿ ಎರಡು ಖಾಲಿ ಜೇನುಪೆಟ್ಟಿಗೆಯ ನಡುವೆ
ಹಗ್ಗ ಬಿಗಿದಳು, ಮುಖ ಒಳಗಾಗಿ.
ಸೇತುವೆಯ ತಿರುವಿನ ತನಕ
೨೧೪ ಕಾಣುತ್ತಿತ್ತು.